ಮೀಟರ್ ಮಿನುಗು ಎಣಿಸಿ ಕರೆಂಟ್ ಉಳಿಸಿದ್ದು

ಎಲ್‌ಇಡಿ ಬಲ್ಬು, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನು ಎಲ್ಲಾ ಹಾಕಿಸಿ ಆದಮೇಲೂ ಬಿಲ್ ಜಗ್ಗುತ್ತಿಲ್ಲ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ರೂಟರ್ ಆಫ್ ಮಾಡಿ ಭೂಮಿ ಉಳಿಸ್ತೀಯಾ?" ಎಂದು ನಕ್ಕಿದ್ದ ಸಹೋದ್ಯೋಗಿಗಳೇ ಈಗ ಲೆಕ್ಕ ಕೇಳಿಕೊಂಡು ಬರುತ್ತಿದ್ದಾರೆ. ತಿಂಗಳಿಗೆ 220ರ ಆಸುಪಾಸಿನಲ್ಲಿದ್ದ ಯೂನಿಟ್ಟು ಈಗ 150 ದಾಟುವುದು ಅಪರೂಪ.

ನಾನು ಹಿಡಿದದ್ದು ಯಾರೂ ಮುಟ್ಟದಿದ್ದಾಗಲೂ ಹರಿಯುತ್ತಲೇ ಇರುವ ಕರೆಂಟನ್ನು. ರಾತ್ರಿ ಲೈಟು, ಫ್ಯಾನು ಬಂದ್ ಮಾಡಿ, ಫ್ರಿಜ್ಜಿನ ಪ್ಲಗ್ ಅರ್ಧ ಗಂಟೆ ಕಿತ್ತು, ಸ್ಟಾಪ್‌ವಾಚ್ ಹಿಡಿದು ಮೀಟರ್ ಮುಂದೆ ನಿಂತೆ. ಮೀಟರಿನ ಪುಟ್ಟ ದೀಪ ಯೂನಿಟ್ಟಿಗೆ 3200 ಸಲ ಮಿನುಗುವಂಥದ್ದಾದರೆ, ಎರಡು ಮಿನುಗಿನ ನಡುವಿನ ಸೆಕೆಂಡುಗಳಿಂದ 1125 ಅನ್ನು ಭಾಗಿಸಿ, ವ್ಯಾಟ್ ಸಿಗುತ್ತದೆ. ನನ್ನದು ಒಂಬತ್ತು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಅಂದರೆ 125 ವ್ಯಾಟ್, ತಿಂಗಳಿಗೆ 90 ಯೂನಿಟ್. ಬಿಲ್ಲಿನ ಸುಮಾರು ಐದನೇ ಎರಡು ಭಾಗ ಯಾರಿಗೂ ಉಪಯೋಗವಿಲ್ಲದೆ ಹೋಗುತ್ತಿತ್ತು!

ಒಂದೊಂದೇ ಪ್ಲಗ್ ಕೀಳುತ್ತಾ ಹೋದೆ. ದೊಡ್ಡ ಕಳ್ಳ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪು. ಫೋಟೊ, ಸಿನಿಮಾ ಇಡಲು ಹಗಲೂ ರಾತ್ರಿ ಓಡುತ್ತಿದ್ದ ಅದೊಂದೇ 65 ವ್ಯಾಟ್ ಆಸುಪಾಸು. ಅದರ ಕೆಲಸವನ್ನು ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈಗೆ ವಹಿಸಿದೆ, ಹಾರ್ಡ್ ಡಿಸ್ಕ್ ಸೇರಿ ಏಳೆಂಟು ವ್ಯಾಟಿಗೆ ಮುಗಿಯಿತು. ಪೈಗೆ ಹಾಕಿದ ದುಡ್ಡು ವರ್ಷದೊಳಗೇ ವಾಪಸ್ಸಾಯಿತು. ಸೆಟ್‌ಟಾಪ್ ಬಾಕ್ಸು ರಿಮೋಟಿನಲ್ಲಿ ಆಫ್ ಮಾಡಿದರೂ ಹನ್ನೆರಡು ವ್ಯಾಟ್ ಎಳೆಯುತ್ತದೆ, ಕೆಂಪು ದೀಪ ನೋಡಿ ಮಲಗಿದೆ ಅಂದುಕೊಳ್ಳಬೇಡಿ. ಅದಕ್ಕೆ ಗೋಡೆಯ ಸ್ವಿಚ್ಚೇ ಗತಿ. ಮತ್ತೆ ಆನ್ ಆಗಲು ಎರಡು ಮೂರು ನಿಮಿಷ ತಿನ್ನುತ್ತದೆಂದು ಮನೆಯವರು ಕೆಲ ದಿನ ಗೊಣಗಿದರು, ಆಮೇಲೆ ರೂಢಿಯಾಯಿತು.

ಫೋನಿನಿಂದಲೇ ಆನ್-ಆಫ್ ಮಾಡುವ ಸ್ಮಾರ್ಟ್ ಪ್ಲಗ್ಗುಗಳು ಮಾತ್ರ ದಂಡ. ಒಂದೊಂದೂ ತಾನೇ ಒಂದು ವ್ಯಾಟಿನಷ್ಟು ತಿನ್ನುತ್ತದೆ, ಮೇಲಾಗಿ ಸದಾ ವೈಫೈ ಬೇಡುತ್ತದೆ. ಆರು ತಂದವನು ಅಳೆಯಲಿಕ್ಕೆ ಎರಡು ಉಳಿಸಿಕೊಂಡು ಉಳಿದವನ್ನು ಅರ್ಧ ಬೆಲೆಗೆ ದಾಟಿಸಿದೆ.

ರೂಟರ್ ಮತ್ತು ಫೈಬರ್ ಡಬ್ಬಿ ಸೇರಿ 15 ವ್ಯಾಟ್. ರಾತ್ರಿ ಹೊತ್ತು ಏಳು ತಾಸು ಟೈಮರಿನಲ್ಲಿ ಬಂದ್. ಡೇಟಾ ಹರಿದರೆ ರೂಟರ್ ಹೆಚ್ಚು ತಿನ್ನುತ್ತದಾ ಎಂದು ನೋಡಲು ಬೇಕೆಂದೇ ಒಂದು ಪ್ರಯೋಗ ಮಾಡಿದೆ: ಒಂದೇ ಸಿನಿಮಾವನ್ನು ಟಿವಿಯಲ್ಲೂ ಫೋನಿನಲ್ಲೂ ಓಡಿಸಿದೆ. ರೂಟರಿನ ಅಂಕಿ ಅರ್ಧ ವ್ಯಾಟೂ ಅಲ್ಲಾಡಲಿಲ್ಲ, ಡೇಟಾ ಹರಿದರೂ ಅಷ್ಟೇ, ಸುಮ್ಮನಿದ್ದರೂ ಅಷ್ಟೇ. ಟಿವಿ 90, ಫೋನು ನಾಲ್ಕೈದು. ಗುಣಮಟ್ಟ ಇಳಿಸಿ ಮಸುಕು ಚಿತ್ರ ನೋಡಿದ್ದಕ್ಕೆ ಕಣ್ಣು ನೋವೇ ಲಾಭ, ಪರದೆ ದೊಡ್ಡದಿದ್ದರೆ ಖರ್ಚು ದೊಡ್ಡದೇ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಕಟ್ಟಿದ ಲೆಕ್ಕದಲ್ಲೂ ಒಂದು ಗಂಟೆಯ ವಿಡಿಯೊಗೆ ಡೇಟಾ ಸೆಂಟರಿನಿಂದ ಪರದೆಯವರೆಗೆ ಸರಾಸರಿ 0.08 ಯೂನಿಟ್ ಕೂಡ ಆಗುವುದಿಲ್ಲ, ಅದರಲ್ಲಿ ಹೆಚ್ಚಿನ ಪಾಲು ನಾವು ನೋಡುವ ಸಾಧನದ್ದೇ. ಡೇಟಾ ಸೆಂಟರಿನ ಕರೆಂಟ್ ಉಳಿಸಲೆಂದು ಹಳೇ ಇಮೇಲ್ ಅಳಿಸುತ್ತಾ ಕೂರುವವರು ಆ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಹೆಚ್ಚು ಉಳಿಯುತ್ತದೆ.

ಫೋನಿನ ಬಗ್ಗೆ ಒಂದು ಮಾತು. ಅದರ ಇಂಗಾಲದ ಹೊರೆಯ ಬಹುಪಾಲು ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ಚಾರ್ಜಿಂಗಿನ ಪಾಲು ಸಣ್ಣದು. ಹಾಗಾಗಿ ಹೊಸದು ಕೊಳ್ಳದೆ ಬ್ಯಾಟರಿ ಬದಲಿಸಿದೆ, ಇನ್ನೂ ಎರಡು ವರ್ಷ ಎಳೆಯುತ್ತೇನೆ.

ಇನ್ವರ್ಟರ್ ಸುಮ್ಮನೆ ಕೂತು 20 ವ್ಯಾಟ್ ನುಂಗುತ್ತಿತ್ತು. ಅದನ್ನು ಅರ್ಧಕ್ಕಿಳಿಸಿದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ, ಬ್ಯಾಟರಿ ಬಾಳಿಕೆ ನೋಡಿಯೇ ಹೇಳುತ್ತೇನೆ.

ಈಗ ಮಿನುಗು 35 ಸೆಕೆಂಡಿಗೊಮ್ಮೆ, ಅಂದರೆ 32 ವ್ಯಾಟ್. ಫ್ರಿಜ್ ಬಾಗಿಲಿನ ರಬ್ಬರನ್ನೂ ಬದಲಿಸಿದ್ದೇನೆ. ಕಂಪ್ರೆಸರಿನ ಬಿಡುವು ಉದ್ದವಾದ ಹಾಗಿದೆ, ಆದರೆ ಚಳಿಯೂ ಶುರುವಾಗಿದೆ. ಯಾವುದರ ಪುಣ್ಯ ಎಂಬುದನ್ನು ಬೇಸಿಗೆಯಲ್ಲಿ ಅಳೆದೇ ನೋಡಬೇಕು.