ಬೇಸ್‌ಬಾಲ್ ಸಿಮ್ (ಟೀಮ್ ನಡೆಸೋ ಸಿಮ್ಯುಲೇಶನ್ ಗೇಮ್) ಹೊಸದಾಗಿ ಆಡ್ತಿರೋರಿಗೆ: ಆವರೇಜ್ ಬಿಡ್ರಿ, ಓಬಿಪಿ ನೋಡ್ರಿ

ಲೈನಪ್ ಹಾಕೋವಾಗ ಬ್ಯಾಟಿಂಗ್ ಆವರೇಜ್ ನೋಡ್ಬೇಡ್ರಿ, ಓಬಿಪಿ ಅಂದ್ರೆ ಆನ್ ಬೇಸ್ ಪರ್ಸೆಂಟೇಜ್ (ಬ್ಯಾಟಿಂಗ್‌ಗೆ ಬಂದಾಗ ಎಷ್ಟು ಸಲ ಔಟಾಗ್ದೆ ಬೇಸ್ ತಲುಪ್ತಾನೆ ಅನ್ನೋ ಲೆಕ್ಕ) ಮೇಲೆ ಸಾರ್ಟ್ ಮಾಡಿ ಮೇಲಿರೋ ಇಬ್ರನ್ನ ಒಂದು ಎರಡನೇ ನಂಬರ್‌ಗೆ ಹಾಕ್ರಿ, ಹೋಮ್ ರನ್ ಹೊಡೆಯೋರು ಅವರ ಹಿಂದೆ ಬರ್ಲಿ. ದಾವಣಗೆರೆ ಹೈಸ್ಕೂಲ್ ಮೈದಾನದಾಗೆ ಕ್ರಿಕೆಟ್ ಆಡಿ ಬೆಳೆದ ನಮಗೆ ಆವರೇಜ್ ಅಂದ್ರೇನೇ ಪ್ಲೇಯರ್ ತೂಕ, ಆದ್ರೆ ಬೇಸ್‌ಬಾಲ್ ಆವರೇಜ್ ಹಿಟ್‌ಗಳ ಲೆಕ್ಕ ಅಷ್ಟೇ, ಅದ್ರಾಗೆ ವಾಕ್ (ಪಿಚರ್ ಸ್ಟ್ರೈಕ್ ಜೋನ್ ಹೊರಗೆ ಹಾಕಿದ ನಾಲ್ಕು ಬಾಲ್ ಬಿಟ್ಟಾಗ ಪುಕ್ಕಟೆ ಸಿಗೋ ಮೊದಲ ಬೇಸ್) ಲೆಕ್ಕಕ್ಕೇ ಬರಲ್ಲ. ಒಂದು ಟೀಮಿಗೆ 9 ಇನ್ನಿಂಗ್ಸ್‌ಗೆ ಸಿಗೋದು 27 ಔಟ್ ಅಷ್ಟೇ, ವಾಕ್ ತಗೊಂಡವನು ಒಂದೂ ಔಟ್ ಖರ್ಚು ಮಾಡ್ದೆ ಬೇಸ್ ಮೇಲೆ ನಿಂತಿರ್ತಾನೆ, ಅದಕ್ಕೇ .280 ಆವರೇಜ್ .310 ಓಬಿಪಿ ಇರೋನಿಗಿಂತ .250 ಆವರೇಜ್ .370 ಓಬಿಪಿ ಇರೋನು ಮೇಲಿನ ನಂಬರ್‌ಗೆ ಎಷ್ಟೋ ವಾಸಿ. 162 ಮ್ಯಾಚಿನ ಸೀಸನ್‌ನಲ್ಲಿ ಮೊದಲನೇ ನಂಬರ್‌ನವನಿಗೆ ಒಂಬತ್ತನೇಯವನಿಗಿಂತ ನೂರಕ್ಕೂ ಜಾಸ್ತಿ ಸಲ ಬ್ಯಾಟಿಂಗ್ ಸಿಗುತ್ತೆ, ಆ ಜಾಗ ಸುಮ್ನೆ ಓಟದ ಸ್ಪೀಡ್ ನೋಡಿ ಕೊಡೋದು ನಿಜವಾಗ್ಲೂ ದಂಡ. ಈ ಓಬಿಪಿ ಲೆಕ್ಕ ಕೈಕೊಡೋದು ಯಾವಾಗ ಅಂದ್ರೆ ಸೀಸನ್ ಶುರುವಾದ ಮೊದಲ ಹತ್ತಿಪ್ಪತ್ತು ಮ್ಯಾಚಲ್ಲಿ, ಆಗ ಓಬಿಪಿ ಸುಮ್ನೆ ಏರಿಳಿತಿರುತ್ತೆ, ಹಿಂದಿನ ಸೀಸನ್ ನಂಬರ್ ಇಲ್ಲಾ ಪ್ಲೇಯರ್ ರೇಟಿಂಗ್ ನಂಬ್ರಿ. ಎದುರಿಗೆ ಎಡಗೈ ಪಿಚರ್ ಇದ್ರೆ ಎಡಗೈ ಬ್ಯಾಟರ್‌ಗಳು ಸಾಮಾನ್ಯವಾಗಿ ಮಂಕಾಗ್ತಾರೆ, ಹಂಗಾಗಿ ಎಡಗೈ ಬಲಗೈಗೆ ಬೇರೆ ಬೇರೆ ಲೈನಪ್ ಸೇವ್ ಮಾಡೋ ಆಪ್ಷನ್ ಇದ್ರೆ ಬಿಡ್ಬೇಡ್ರಿ. ಶಾರ್ಟ್‌ಸ್ಟಾಪ್ (ಎರಡನೇ ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್), ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಈ ಎರಡು ಜಾಗಕ್ಕೆ ಮಾತ್ರ ಮೊದ್ಲು ಫೀಲ್ಡಿಂಗ್ ನೋಡ್ರಿ, ಓಬಿಪಿ ಆಮೇಲೆ.