ಟೀವಿಯಲ್ಲಿ ಬರುವ ಮಾತ್ರೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಬಂದ ಹೊಸದರಲ್ಲಿ ಟೀವಿ ಹಾಕಿದರೆ ನಿಮಗೂ ಆಶ್ಚರ್ಯ ಆಗುತ್ತದೆ. ಸಂಜೆಯ ನ್ಯೂಸ್ ನಡುವೆ ಸಕ್ಕರೆ ಕಾಯಿಲೆ, ಕೀಲುನೋವು, ಖಿನ್ನತೆ ಎಲ್ಲಕ್ಕೂ ಮಾತ್ರೆ, ಇಂಜೆಕ್ಷನ್‌ಗಳ ಜಾಹೀರಾತು. ಊರಲ್ಲಿ ನೆಗಡಿ ಮುಲಾಮಿನ ಜಾಹೀರಾತು ನೋಡಿದ್ದೇವೆ, ಅದು ಬೇರೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವ, ಡಾಕ್ಟರ ಚೀಟಿ ಬೇಕೇ ಬೇಕಾದ ಔಷಧಿಯನ್ನು ಭಾರತದಲ್ಲಿ ಹೀಗೆ ಜನರ ಮುಂದೆ ಇಡುವಂತಿಲ್ಲ. ಇಲ್ಲಿ ಇಡಬಹುದು. ನ್ಯೂಜಿಲೆಂಡ್ ಬಿಟ್ಟರೆ ಇಷ್ಟು ಸಲೀಸಾಗಿ ಬಿಡುವ ದೇಶ ಇದೊಂದೇ.

1997ರಲ್ಲಿ ಎಫ್‌ಡಿಎ, ಅಂದರೆ ಇಲ್ಲಿ ಔಷಧಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ, ಇದಕ್ಕೆ ದಾರಿ ಸಲೀಸು ಮಾಡಿತು. ಎಲ್ಲ ಅಪಾಯಗಳನ್ನೂ ಓದಿ ಹೇಳಬೇಕಿಲ್ಲ. ಮುಖ್ಯವಾದವನ್ನು ಹೇಳಿ, ಉಳಿದದ್ದು ಎಲ್ಲಿ ಸಿಗುತ್ತದೆ ಅಂತ ತೋರಿಸಿದರೆ ಸಾಕು. ಇನ್ನೊಂದು ವಿಷಯ. 'ಟೀವಿಯಲ್ಲಿ ಬಂದಿದೆ ಅಂದಮೇಲೆ ಸರ್ಕಾರ ನೋಡಿಯೇ ಬಿಟ್ಟಿರುತ್ತೆ' ಅಂತ ನಮ್ಮವರು ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಔಷಧಿಗೆ ಎಫ್‌ಡಿಎ ಒಪ್ಪಿಗೆ ಬೇಕು. ಜಾಹೀರಾತಿಗೆ ಸಾಮಾನ್ಯವಾಗಿ ಮುಂಚೆಯೇ ಒಪ್ಪಿಗೆ ಬೇಕಿಲ್ಲ.

ನಮ್ಮ ಅತ್ತೆ ಇಲ್ಲಿಗೆ ಬಂದಿದ್ದಾಗ ಮಧ್ಯಾಹ್ನವೆಲ್ಲ ಟೀವಿ ಮುಂದೆ ಕೂತಿರುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದು. ಒಂದು ದಿನ ನನ್ನನ್ನು ಕರೆದು, 'ನೋಡೇ, ಆ ಹೆಂಗಸು ಮೊದಲು ಮೆಟ್ಟಿಲು ಹತ್ತಕ್ಕಾಗದೆ ಒದ್ದಾಡ್ತಿದ್ಲು, ಈಗ ಮೊಮ್ಮಗಳ ಜೊತೆ ಗಾಳಿಪಟ ಹಾರಿಸ್ತಿದಾಳೆ. ನನ್ನ ಮಂಡಿಗೂ ಅದನ್ನೇ ಕೇಳು' ಅಂದರು. ನಾನು ನಿಂತು ಕೇಳಿದೆ. ಗಾಳಿಪಟ ಹಾರುತ್ತಿದ್ದ ಹೊತ್ತಿಗೆ ಹಿಂದಿನ ದನಿ ಹೇಳುತ್ತಿದ್ದದ್ದು ಗಂಭೀರ ಸೋಂಕು, ಕ್ಯಾನ್ಸರ್, ಸಾವು ಅನ್ನುವ ಮಾತುಗಳನ್ನು. ಅದೂ ಅವರ ಮಂಡಿಸವೆತದ ಮದ್ದಲ್ಲ, ಬೇರೆಯದೇ ಬಗೆಯ ಕೀಲುವಾತದ್ದು. ಅತ್ತೆಗೆ ಕಂಡದ್ದು ಗಾಳಿಪಟ ಮಾತ್ರ. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಆ ಜಾಹೀರಾತು ಬಂದಾಗ ಕಣ್ಣು ಮುಚ್ಚಿ ಕೇಳಿ. ಅಪ್ಪ ಅಮ್ಮ ಬಂದಿದ್ದರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿ.

ನನಗೆ ಇಷ್ಟು ಭಯ ಯಾಕೆ ಅಂದರೆ ವಯಾಕ್ಸ್. 1999ರಲ್ಲಿ ಬಂದ ಕೀಲುನೋವಿನ ಮಾತ್ರೆ. ಹಳೆಯ ನೋವಿನ ಮಾತ್ರೆಗಳು ಹೊಟ್ಟೆ ಕೆಡಿಸುತ್ತವೆ, ಇದು ಅಷ್ಟು ಕೆಡಿಸುವುದಿಲ್ಲ ಅನ್ನುವುದೇ ಅದರ ಹೆಚ್ಚುಗಾರಿಕೆ. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಐಸ್ ಸ್ಕೇಟಿಂಗ್ ತಾರೆ ಡೊರೊತಿ ಹ್ಯಾಮಿಲ್ ಜಾಹೀರಾತಿನಲ್ಲಿ ಬರುತ್ತಿದ್ದರು. 2000ದಲ್ಲಿ ಜನರಿಗೆ ಜಾಹೀರಾತು ತೋರಿಸುವುದಕ್ಕೇ 16 ಕೋಟಿ ಡಾಲರ್ ಖರ್ಚಾಯಿತು. ಅದೇ ವರ್ಷ ಹೊರಬಂದ ಅಧ್ಯಯನದಲ್ಲಿ ಇನ್ನೊಂದು ಹಳೆಯ ನೋವಿನ ಮಾತ್ರೆ ತೆಗೆದುಕೊಂಡವರಿಗಿಂತ ಇದನ್ನು ತೆಗೆದುಕೊಂಡವರಿಗೆ ಹೃದಯಾಘಾತ ಜಾಸ್ತಿ ಕಂಡಿತ್ತು. ಮಾರಾಟ ಮಾತ್ರ ನಿಲ್ಲಲಿಲ್ಲ. ಕೊನೆಗೆ ಇನ್ನೊಂದು ಅಧ್ಯಯನದಲ್ಲೂ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಗೊತ್ತಾಗಿ, 2004ರ ಸೆಪ್ಟೆಂಬರ್ 30ರಂದು ಅದನ್ನು ತಯಾರಿಸುತ್ತಿದ್ದ ಮರ್ಕ್ ಕಂಪನಿಯೇ ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಜಗತ್ತಿನಲ್ಲಿ 8 ಕೋಟಿಗೂ ಹೆಚ್ಚು ಜನ ಅದನ್ನು ನುಂಗಿದ್ದರು. ಅದೇ ಔಷಧಿ, ಅಂದರೆ ರೊಫೆಕಾಕ್ಸಿಬ್, ಬೇರೆ ಬೇರೆ ಹೆಸರಲ್ಲಿ ನಮ್ಮ ಮೆಡಿಕಲ್ ಶಾಪುಗಳಲ್ಲೂ ಇತ್ತು. ಭಾರತ ಅದನ್ನು ಆ ಡಿಸೆಂಬರ್‌ನಲ್ಲಿ ನಿಷೇಧಿಸಿತು.

ಹೊಸ ಮಾತ್ರೆ ಎಲ್ಲವೂ ಕೆಟ್ಟದ್ದು ಅಂತಲ್ಲ. ಆದರೆ ಜಾಹೀರಾತು ಜಾಸ್ತಿ ಬರುವುದು ಹೊಸ, ದುಬಾರಿ ಔಷಧಿಗಳಿಗೇ. ಕೆಲವು ಅಪಾಯಗಳು ಲಕ್ಷಾಂತರ ಜನ ವರ್ಷಗಟ್ಟಲೆ ತೆಗೆದುಕೊಂಡ ಮೇಲೇ ಕಾಣುತ್ತವೆ. ಅದಕ್ಕೇ ಡಾಕ್ಟರನ್ನು ಕೇಳಿ: ಇದು ಬಂದು ಎಷ್ಟು ವರ್ಷವಾಯಿತು? ಇದೇ ಕೆಲಸಕ್ಕೆ ಹಳೆಯ, ಜೆನೆರಿಕ್ (ಬ್ರ್ಯಾಂಡ್ ಹೆಸರಿಲ್ಲದೆ ಸಿಗುವ) ಮಾತ್ರೆ ಇದೆಯಾ? ಎಷ್ಟು ದಿನ ತಗೋಬೇಕು? ಇಲ್ಲಿ ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಂಗ್ಲಿಷ್ ಬಾರದ ಹಿರಿಯರಿಗೆ ಫೋನಿನಲ್ಲಿ ಕನ್ನಡ ದುಭಾಷಿ ಬೇಕು ಅಂತ ಆಸ್ಪತ್ರೆಯಲ್ಲಿ ಕೇಳಿ. ಸಾಮಾನ್ಯವಾಗಿ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನು ಔಷಧಿ ಅಂಗಡಿ. ಕಿತ್ತಳೆ ಬಣ್ಣದ ಡಬ್ಬಿ ಕೊಡುವ ಮುಂಚೆ 'ಫಾರ್ಮಸಿಸ್ಟ್ ಹತ್ತಿರ ಏನಾದರೂ ಕೇಳಬೇಕಾ' ಅಂತ ಕೇಳುತ್ತಾರೆ. ನಾವೆಲ್ಲ ಅವಸರದಲ್ಲಿ 'ಬೇಡ' ಅಂದು ಬಂದುಬಿಡುತ್ತೇವೆ. ಇನ್ನು ಮೇಲೆ 'ಬೇಕು' ಅನ್ನಿ. ದುಡ್ಡಿಲ್ಲದೆ ಸಿಗುವ ಸಲಹೆ ಅದು. ಊರಿಂದ ಸೂಟ್‌ಕೇಸಿನಲ್ಲಿ ತಂದ ಮಾತ್ರೆಗಳನ್ನೂ ಅವರ ಮುಂದೆ ಇಡಿ. ನಮ್ಮ ಪ್ಯಾರಾಸಿಟಮಾಲ್ ಇಲ್ಲಿ ಅಸೆಟಮಿನೊಫೆನ್. ಹಲ್ಲು ಕೀಳಿಸಿದಾಗ ಬರೆದುಕೊಡುವ ನೋವಿನ ಮಾತ್ರೆಯಲ್ಲೂ ಅದು ಇರಬಹುದು, ನೆಗಡಿ ಸಿರಪ್‌ನಲ್ಲೂ ಇರಬಹುದು. ಗೊತ್ತಿಲ್ಲದೆ ಮೂರು ಕಡೆಯಿಂದ ಒಳಗೆ ಹೋದರೆ ಲಿವರ್‌ಗೆ ಹೊಡೆತ. ಊರಲ್ಲಿ ಹೊಟ್ಟೆ ಕೆಟ್ಟರೆ ಸುಮ್ನೆ ತಗೊಳ್ಳುವ ಸಿಪ್ರೊಫ್ಲಾಕ್ಸಾಸಿನ್‌ಗೆ ಇಲ್ಲಿ 2008ರಿಂದ ಕಪ್ಪು ಚೌಕಟ್ಟಿನ ಎಚ್ಚರಿಕೆ ಇದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿಯಬಹುದು ಅಂತ. ಆ ಚೌಕಟ್ಟು ಎಫ್‌ಡಿಎಯ ಅತಿ ಗಟ್ಟಿ ಎಚ್ಚರಿಕೆ. ಯಾವ ಔಷಧಿಯ ಮಾಹಿತಿ ಹಾಳೆಯಲ್ಲಾದರೂ ಅದು ಕಂಡರೆ ಅಲ್ಲೇ ನಿಂತು ಪೂರ್ತಿ ಓದಿ.

ಕೊನೆಯದು, ವಕೀಲರ ಜಾಹೀರಾತು. 'ಈ ಮಾತ್ರೆ ತೆಗೆದುಕೊಂಡು ತೊಂದರೆ ಆಗಿದ್ದರೆ ನಮಗೆ ಫೋನ್ ಮಾಡಿ' ಅಂತ ಅದೇ ಟೀವಿಯಲ್ಲಿ ಬರುತ್ತದೆ. ಗೆಳತಿಯ ತಂದೆ ಅದನ್ನು ನೋಡಿ ಹೆದರಿ, ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರಿಗೂ ಹೇಳದೆ ಬಿಟ್ಟಿದ್ದರು. ನಾಲ್ಕನೇ ದಿನ ಡಬ್ಬಿಯಲ್ಲಿ ಮಾತ್ರೆ ಹಾಗೇ ಉಳಿದದ್ದನ್ನು ಅವಳು ನೋಡಿದಳು, ಅವತ್ತೇ ಡಾಕ್ಟರಿಗೆ ಫೋನ್ ಮಾಡಿದಳು. ಅಂಥ ಮಾತ್ರೆ ತಟ್ಟನೆ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಮನೆಯಲ್ಲಿ ಹಿರಿಯರಿದ್ದರೆ ವಾರಕ್ಕೊಮ್ಮೆ ಅವರ ಡಬ್ಬಿ ತೆಗೆದು, ಮಾತ್ರೆ ಎಣಿಸಿ ನೋಡಿ.