ಚೆಕ್ ಬರೆಯುವ ಮುಂಚೆ ಖರ್ಚಿನ ಪಟ್ಟಿ ಕೇಳಿ

ಮಕ್ಕಳ ರೊಬೊಟಿಕ್ಸ್ ತಂಡಕ್ಕೋ ವಿಜ್ಞಾನ ಮೇಳಕ್ಕೋ ಏನಾದರೂ ಮಾಡಬೇಕು, ಎಷ್ಟು ಕೊಡಲಿ ಅಂತ ಪರಿಚಯದವರು ಕೇಳುತ್ತಿರುತ್ತಾರೆ. ನಾನು ಲೋಹದ ಬಿಡಿಭಾಗ ಮಾಡುವ ಚಿಕ್ಕ ವರ್ಕ್‌ಶಾಪ್ ನಡೆಸುವವಳು. ತಂಡಗಳಿಗೆ ದುಡ್ಡೂ ಕೊಡುತ್ತೇನೆ, ಸಂಜೆ ಹೋಗಿ ಮಕ್ಕಳ ಜೊತೆ ಕೂರುತ್ತೇನೆ ಕೂಡ. ಎಷ್ಟು ಅನ್ನೋದು ಆಮೇಲೆ. ಮೊದಲು ತಂಡದ ಖರ್ಚಿನ ಪಟ್ಟಿ ತರಿಸಿಕೊಳ್ಳಿ.

ಟೀ ಶರ್ಟಿಗೆ, ಹೊಸ ಕಿಟ್‌ಗೆ ಕೊಡುವವರು ಹೇಗೋ ಸಿಗುತ್ತಾರೆ. ಹೆಸರು ಎದ್ದು ಕಾಣುತ್ತದೆ, ಅಲ್ವಾ? ನೋಂದಣಿ ಶುಲ್ಕ, ಪ್ರಯಾಣ, ಸುರಕ್ಷತಾ ಕನ್ನಡಕ, ನಟ್ಟು ಬೋಲ್ಟು, ಇನ್ನೊಂದು ಚಾರ್ಜರ್, ಇವುಗಳ ಮುಂದೆ ಹೆಸರು ಖಾಲಿ ಇರುತ್ತದೆ. ನೀವು ಅಲ್ಲಿಗೆ ಕೈ ಹಾಕಿ. ಬ್ಯಾಟರಿಯನ್ನೇ ನೋಡಿ. ಫಸ್ಟ್ (FIRST) ಅನ್ನೋ ಸಂಸ್ಥೆ ಹೈಸ್ಕೂಲ್ ಮಕ್ಕಳಿಗಾಗಿ ನಡೆಸುವ ರೊಬೊಟಿಕ್ಸ್ ಸ್ಪರ್ಧೆಯ ರೋಬೋ ಓಡುವುದು ಒಂದು 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯ ಮೇಲೆ. ಒಂದು ಪಂದ್ಯ ಸುಮಾರು ಎರಡೂವರೆ ನಿಮಿಷ ಅಷ್ಟೆ. ಆದರೆ ಮೋಟರುಗಳು ಒಟ್ಟಿಗೆ ತಿರುಗಿದಾಗ ಹಳೆಯ ಬ್ಯಾಟರಿಯ ವೋಲ್ಟೇಜ್ ಧಡಕ್ಕನೆ ಕುಸಿಯುತ್ತದೆ, ರೋಬೋ ನಡುವೆಯೇ ತಡವರಿಸುತ್ತದೆ. ಪಾಪ, ಮಕ್ಕಳು ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂತಿರುತ್ತಾರೆ. ಎರಡು ಹೊಸ ಬ್ಯಾಟರಿ ಕೊಟ್ಟರೆ ಆ ಸಂಜೆಗಳೆಲ್ಲ ಉಳಿಯುತ್ತವೆ.

ದುಡ್ಡು ಯಾವಾಗ ತಲುಪುತ್ತದೆ ಅನ್ನೋದೂ ಮುಖ್ಯ. ಫಸ್ಟ್ ಸ್ಪರ್ಧೆಯಲ್ಲಿ ರೋಬೋಗಳು ಆ ವರ್ಷ ಆಡಬೇಕಾದ ಆಟ ಯಾವುದು ಅನ್ನೋದು ಜನವರಿ ಶುರುವಿನಲ್ಲಿ ಬಯಲಾಗುತ್ತದೆ. ಮಾರ್ಚ್ ಹೊತ್ತಿಗೆ ತಂಡಗಳು ಮೈದಾನದಲ್ಲಿರುತ್ತವೆ. ಫೆಬ್ರವರಿ ಕೊನೆಗೆ ಬಂದ ಹಣದಿಂದ ಮೋಟರು ತರಿಸಿ ಜೋಡಿಸುವಷ್ಟರಲ್ಲಿ ಕಾಲ ಮೀರಿರುತ್ತದೆ. ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಮಾತು ಮುಗಿಸಿ.

ಹಣವೇ ಆಗಬೇಕೆಂದಿಲ್ಲ. ನಾನು ಯಂತ್ರದ ಸಮಯ ಕೊಡುತ್ತೇನೆ, ಉಳಿದ ಅಲ್ಯೂಮಿನಿಯಂ ತುಂಡುಗಳನ್ನೂ. ಒಂದೇ ಷರತ್ತು, ಬೇಕಾದ ಬಿಡಿಭಾಗದ ಡ್ರಾಯಿಂಗ್ ಮಕ್ಕಳೇ ಮಾಡಬೇಕು. ರಂಧ್ರದ ಅಳತೆ ಬಿಟ್ಟಿದ್ದರೆ ಸುಮ್ನೆ ವಾಪಸ್ ಕಳಿಸುತ್ತೇನೆ. ಸಿಟ್ಟು ಮಾಡಿಕೊಳ್ಳುತ್ತಾರೆ, ಮತ್ತೆ ಬರೆದು ತರುತ್ತಾರೆ.

ಸ್ವಯಂಸೇವೆಗೆ ಎಂಜಿನಿಯರೇ ಆಗಬೇಕು ಅನ್ನೋದು ಸುಳ್ಳು. ಅಂಕ ದಾಖಲಿಸಲು, ತಂಡಗಳನ್ನು ಸಾಲಾಗಿ ಮೈದಾನಕ್ಕೆ ಕಳಿಸಲು, ಮೇಜು ಜೋಡಿಸಲು ಜನ ಬೇಕೇ ಬೇಕು. ತೀರ್ಪುಗಾರರಾಗುವುದಾದರೆ ಅರ್ಹತೆ ಏನು ಅಂತ ವಿಚಾರಿಸಿ. ಅಂತರರಾಷ್ಟ್ರೀಯ ಮಟ್ಟದ ಐಸೆಫ್ ವಿಜ್ಞಾನ ಮೇಳದಲ್ಲಿ ಪಿಎಚ್‌ಡಿಯಂಥ ಪದವಿ ಅಥವಾ ಆ ಕ್ಷೇತ್ರದಲ್ಲಿ ಆರು ವರ್ಷದ ಅನುಭವ ಕೇಳುತ್ತಾರೆ. ಸಣ್ಣ ಮೇಳಗಳಲ್ಲಿ ಅಷ್ಟು ಬಿಗಿ ಇರುವುದು ಕಮ್ಮಿ. ಮಕ್ಕಳ ಹತ್ತಿರ ಕೆಲಸ ಅಂದಮೇಲೆ ಹಿನ್ನೆಲೆ ತಪಾಸಣೆ ಮಾಡಬಹುದು. ಬೇಸರ ಬೇಡ. ತಪಾಸಣೆಯೇ ಇಲ್ಲದ ಕಡೆ ನಾನಂತೂ ಯಾಕಿಲ್ಲ ಅಂತ ಕೇಳುತ್ತೇನೆ. ಮಗುವೊಂದರ ಜೊತೆ ಒಬ್ಬರೇ ಉಳಿಯಬೇಡಿ, ಇನ್ನೊಬ್ಬ ದೊಡ್ಡವರು ಕಣ್ಣಳತೆಯಲ್ಲಿರಲಿ.

ಮಾರ್ಗದರ್ಶಕರಾದರೆ ಕಷ್ಟದ ಕೆಲಸ ಕೈ ಕಟ್ಟಿ ಕೂರುವುದು. ಸ್ಪ್ಯಾನರ್ ಕಂಡರೆ ನನ್ನ ಕೈ ತುರಿಸುತ್ತದೆ, ಏನು ಮಾಡೋದು! ಆದರೂ ಬಾಯಲ್ಲೇ ಕೆಲಸ ಮಾಡಿ. "ಇದು ಸಡಿಲ ಆಗಿದೆ" ಅನ್ನಬೇಡಿ, "ಪಂದ್ಯ ಮುಗಿದ ಮೇಲೆ ಯಾವ ಬೋಲ್ಟ್ ನೋಡ್ತೀರಿ?" ಅನ್ನಿ. ವಿಜ್ಞಾನದ ಪ್ರಾಜೆಕ್ಟ್ ಆದರೆ "ಇದನ್ನು ಎಷ್ಟು ಸಲ ಅಳೆದಿರಿ, ಒಂದೇ ಉತ್ತರ ಬಂತಾ?" ಅಂತ ಕೇಳಿ. ಮೊದಲ ವಾರ ದಿನಾ ಬಂದು ಆಮೇಲೆ ಕಾಣೆಯಾಗುವವರಿಗಿಂತ, ವಾರಕ್ಕೊಂದೇ ಸಂಜೆ ತಪ್ಪದೆ ಬರುವವರಿಂದ ತಂಡಕ್ಕೆ ಜಾಸ್ತಿ ಉಪಯೋಗ.

ಒಪ್ಪಂದ ಒಂದೇ ಪುಟದಲ್ಲಿರಲಿ. ಏನು ಕೊಡುತ್ತೀರಿ, ಯಾವಾಗ, ಯಾತಕ್ಕೆ, ಲೋಗೋ ಎಲ್ಲಿ. ಮಕ್ಕಳ ಫೋಟೋ ಬಳಸುವುದಾದರೆ ಪೋಷಕರ ಒಪ್ಪಿಗೆ ಬರಹದಲ್ಲಿ ಬೇಕು. ಮುಂದಿನ ವರ್ಷ ಕೊಡಲಾಗದಿದ್ದರೆ ಈ ವರ್ಷದ ಸ್ಪರ್ಧೆ ಮುಗಿದ ಕೂಡಲೇ ಹೇಳಿಬಿಡಿ, ಬೇರೆಯವರನ್ನು ಹುಡುಕಲು ಅವರಿಗೆ ತಿಂಗಳುಗಳೇ ಬೇಕು.